ಒಳಗೆ ಹೋಗಬಹುದಾ ದೊಡ್ಡಮ್ಮ?

2023ರ ಚಳಿಗಾಲದ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಮಧುಗಿರಿಯಿಂದ ತುಮಕೂರಿನ ಬಸ್ಸು ಹತ್ತಿದ್ದೆ. ತಂಗಿಯ ಮಗಳು ಆಗ ತುಮಕೂರು ಯೂನಿವರ್ಸಿಟಿಯಲ್ಲಿ ಎಂ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಹಾಸ್ಟೆಲಿನಲ್ಲಿದ್ದಳು. ತಂಗಿ ಕಟ್ಟಿಕೊಟ್ಟ ಹುರುಳಿಕಾಳಿನ ಚಟ್ನಿಪುಡಿ, ಒಂದು ಡಬ್ಬಿ ನಿಪ್ಪಟ್ಟು, ಒಂದು ರಗ್ಗು ಅವಳಿಗೆ ತಲುಪಿಸಬೇಕಿತ್ತು. ಇಳಿದು ಫೋನ್ ಮಾಡಿದರೆ, "ಲೈಬ್ರರಿ ಹತ್ರಾನೇ ಬಾ ದೊಡ್ಡಮ್ಮ, ಎದ್ದು ಬಂದ್ರೆ ಜಾಗ ಹೋಗ್ಬಿಡುತ್ತೆ" ಅಂದಳು. ನನಗೆ ಒಳಗೊಳಗೇ ಖುಷಿ. ಅದೇ ಯೂನಿವರ್ಸಿಟಿಯಲ್ಲಿ ನಾನು 2008ರಿಂದ 2010ರವರೆಗೆ ಕನ್ನಡ ಎಂ.ಎ. ಓದಿದ್ದೆ. ಬೆಂಗಳೂರು ಯೂನಿವರ್ಸಿಟಿಯಿಂದ ಬೇರೆಯಾಗಿ 2004ರಲ್ಲಿ ಶುರುವಾಗಿದ್ದ ಯೂನಿವರ್ಸಿಟಿ ಅದು. ನಾವು ಸೇರಿದಾಗ ಇನ್ನೂ ಎಳೆಯದು.

ಹಳೇ ವಿದ್ಯಾರ್ಥಿನಿ ಅಂತ ಹೇಳಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಬ್ಯಾಗು ಕೌಂಟರಿನಲ್ಲಿಟ್ಟು ಒಳಗೆ ಹೋದೆ. ಓದುವ ಹಾಲ್ ತುಂಬಿಹೋಗಿತ್ತು. ಒಂದು ಕುರ್ಚಿ ಖಾಲಿ ಇರಲಿಲ್ಲ. ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಕೆಸೆಟ್ ಪರೀಕ್ಷೆಗಳ ದಪ್ಪ ದಪ್ಪ ಗೈಡುಗಳು. ಸ್ಪೈರಲ್ ಬೈಂಡ್ ಮಾಡಿಸಿದ ಜೆರಾಕ್ಸ್ ನೋಟ್ಸುಗಳು. ಮೇಜಿನ ಮೇಲೆ ನೀರಿನ ಬಾಟಲು, ಕೆಳಗೆ ಬಿಟ್ಟ ಚಪ್ಪಲಿ. ನಾನು ಕಂಡಷ್ಟರಲ್ಲಿ ಯಾರ ಮುಂದೆಯೂ ಲೈಬ್ರರಿಯ ಪುಸ್ತಕ ಇರಲಿಲ್ಲ. ಅದರ ಬಗ್ಗೆ ನನಗೆ ಬೇಜಾರಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾವಗಡ, ಶಿರಾ ಕಡೆಯಿಂದ ಬಂದ ಮಕ್ಕಳಿಗೆ ಒಂದು ಕುರ್ಚಿ, ತಲೆ ಮೇಲೊಂದು ಫ್ಯಾನು, ಕುಡಿಯೋ ನೀರು, ಯಾರೂ ಕೆಲಸ ಹೇಳದ ನಾಲ್ಕು ಗಂಟೆ ಸಿಗುವುದು ಸಣ್ಣ ವಿಷಯ ಅಲ್ಲ. ಅದರಲ್ಲೂ ಹೆಣ್ಣುಮಕ್ಕಳಿಗೆ. ಮನೆಯಲ್ಲಿ ಕೂತರೆ ಒಲೆ ಮೇಲೆ ಹಾಲಿಟ್ಟಿದೀನಿ ನೋಡ್ಕೋ ಅಂತ ಯಾರಾದರೂ ಕೂಗೇ ಕೂಗುತ್ತಾರೆ.

ಅವಳು ತನ್ನ ಜಾಗ ತೋರಿಸಿದಳು. ಕಿಟಕಿ ಪಕ್ಕ, ಒಳ್ಳೇ ಬೆಳಕು. ಪಿಸುದನಿಯಲ್ಲೇ ಮನೆ ಸುದ್ದಿ ಮಾತಾಡಿದೆವು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. "ಬಾ, ಹಂಗೇ ಪುಸ್ತಕ ನೋಡ್ಕೊಂಡು ಬರೋಣ" ಅಂತ ರ್ಯಾಕುಗಳ ಕಡೆ ನಡೆದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಒಳಗೆ ಹೋಗಬಹುದಾ ದೊಡ್ಡಮ್ಮ?"

ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ದಿನಾ ಆ ಕಟ್ಟಡಕ್ಕೆ ಬರುತ್ತಿದ್ದ ಹುಡುಗಿ. ಬೇಡ ಅಂತ ಯಾರಾದರೂ ಹೇಳಿದ್ದರಾ ಅಂತ ಕೇಳಿದೆ. "ಇಲ್ಲಪ್ಪ, ಯಾರೂ ಹೋಗಲ್ಲ ಅಲ್ವಾ, ಅದಕ್ಕೆ" ಅಂದಳು. ಹಾಗಾದರೆ ಪುಸ್ತಕ ಹೇಗೆ ತಗೊಳ್ತೀಯ? "ಕಂಪ್ಯೂಟರಲ್ಲಿ ನಂಬರ್ ನೋಡಿ ಬರ್ಕೊಂಡು ಹೋಗ್ತೀನಿ, ಅವರೇ ತಂದುಕೊಡ್ತಾರೆ."

ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೌಂಟರಿನ ಈಚೆ

ಅವಳ ಹಿಂಜರಿಕೆ ನನಗೆ ಹೊಸದಲ್ಲ. ಡಿಗ್ರಿ ಓದಿದ ಕಾಲೇಜಿನಲ್ಲಿ ಮೂರು ವರ್ಷ ನಾನೂ ಕೌಂಟರಿನ ಈಚೆಯೇ ನಿಂತಿದ್ದವಳು. ಅಲ್ಲಿ ಜಾಲರಿ ಹಾಕಿದ ಒಂದು ಕಿಟಕಿ. ಅದರ ಕೆಳಗೆ ಕೈ ತೂರುವಷ್ಟು ಸಂದು. ಒಂದು ಚೀಟಿಯಲ್ಲಿ ಮೂರು ಪುಸ್ತಕದ ಹೆಸರು ಬರೆದು ಕೊಡಬೇಕು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಅಟೆಂಡರ್ ಚೀಟಿ ಹಿಡಿದು ಬೀರುಗಳ ಹಿಂದೆ ಮಾಯವಾಗುತ್ತಿದ್ದರು. ಜಾಲರಿಯಿಂದ ಎರಡು ಬೀರು ಮಾತ್ರ ಕಾಣುತ್ತಿತ್ತು. ಅದರ ಹಿಂದೆ ಇನ್ನೆಷ್ಟಿವೆ, ಅದರಲ್ಲಿ ಏನಿದೆ ಅನ್ನೋದು ಮೂರು ವರ್ಷವೂ ಗೊತ್ತಾಗಲಿಲ್ಲ.

ನಾನು ಏನು ಬರೆಯುತ್ತಿದ್ದೆ? ಮೇಷ್ಟ್ರು ಪಾಠದಲ್ಲಿ ಹೇಳಿದ ಹೆಸರು. ಅಷ್ಟೇ. ಬೇರೆ ಹೆಸರು ಗೊತ್ತಿದ್ದರೆ ತಾನೇ ಬರೆಯೋದು? ನಮ್ಮ ಮನೆಯಲ್ಲಿ ಪಂಚಾಂಗ ಮತ್ತು ರೇಷನ್ ಕಾರ್ಡು ಬಿಟ್ಟರೆ ಅಚ್ಚಾದ ಕಾಗದ ಇರಲಿಲ್ಲ. ಚೀಟಿ ಪದ್ಧತಿಯ ಕಷ್ಟ ಇದೇ ನೋಡಿ. ನಮಗೆ ಮೊದಲೇ ಗೊತ್ತಿರೋದನ್ನು ಮಾತ್ರ ಅಲ್ಲಿ ಕೇಳಬಹುದು. ಮನೆಯಲ್ಲಿ ಪುಸ್ತಕ ಇದ್ದು ಬೆಳೆದ ಮಕ್ಕಳಿಗೆ ಆ ಕಿಟಕಿ ಅಷ್ಟು ಅಡ್ಡಿ ಆಗುವುದಿಲ್ಲ, ಅವರಿಗೆ ಹೆಸರುಗಳು ಗೊತ್ತಿರುತ್ತವೆ. ಗೊತ್ತಿಲ್ಲದೆ ಬಂದವರಿಗೆ ಅದು ಗೋಡೆ.

ಆ ಅಟೆಂಡರನ್ನು ನಾನು ದೂರುವುದಿಲ್ಲ. ಅಷ್ಟೂ ಪುಸ್ತಕಕ್ಕೆ ಅವರೊಬ್ಬರೇ. ಒಂದು ಕಳೆದರೆ ಉತ್ತರ ಕೊಡಬೇಕಾದವರೂ ಅವರೇ. ಲೈಬ್ರರಿಗಳ ಬೀಗದ ಹಿಂದೆ ಸಾಮಾನ್ಯವಾಗಿ ಇರೋದು ಈ ಭಯ. ಎಷ್ಟೋ ವರ್ಷಗಳ ಮೇಲೆ ನನಗೆ ಒಂದು ವಿಷಯ ತಿಳಿಯಿತು. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳಲ್ಲೇ ಇದಕ್ಕೆ ದಾರಿ ಇದೆಯಂತೆ. ವರ್ಷಕ್ಕೆ ಸಾವಿರ ಪುಸ್ತಕ ಓದುಗರ ಕೈಗೆ ಹೋದರೆ ಅದರಲ್ಲಿ ಐದು ಕಳೆದುಹೋಗುವುದು ಸಹಜ ಅಂತ 2017ರ ನಿಯಮಗಳು ಒಪ್ಪುತ್ತವೆ. ಮೋಸ, ನಿರ್ಲಕ್ಷ್ಯ ಇರಬಾರದು, ಪುಸ್ತಕ ಅಪರೂಪದ್ದಾಗಲಿ ಸಾವಿರ ರೂಪಾಯಿಗೆ ಮೇಲಿನದ್ದಾಗಲಿ ಆಗಿದ್ದರೆ ವಿಚಾರಣೆ ಆಗಬೇಕು. ಆದರೂ ಐದು! ಇದನ್ನು ಓದಿದ ದಿನ ನನಗೆ ಆ ಜಾಲರಿ ಕಿಟಕಿ ನೆನಪಾಗಿ ಹೊಟ್ಟೆ ಉರಿಯಿತು. ಕಳೆಯಬಹುದಾದ ಆ ಐದು ಪುಸ್ತಕದ ಭಯಕ್ಕೆ ಎಷ್ಟು ಮಕ್ಕಳು ಈಚೆ ನಿಂತರೋ.

894.814

ಎಂ.ಎ.ಗೆ ಸೇರಿದ ಮೊದಲ ವಾರ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಅಭ್ಯಾಸಬಲದಿಂದ ಚೀಟಿ ಬರೆದುಕೊಂಡು ಹೋದೆ. ಅಲ್ಲಿದ್ದ ಹಿರಿಯ ಅಟೆಂಡರ್ ಚೀಟಿ ಇಸಿದುಕೊಳ್ಳಲೇ ಇಲ್ಲ. "ಒಳಗಿದೆ, ಹೋಗಿ ತಗೊಳ್ಳಮ್ಮ" ಅಂದರು. ನಾನು ಅಲ್ಲೇ ನಿಂತೆ. ತಂಗಿಯ ಮಗಳು ನಿಂತ ಹಾಗೇ. ಅವರು ಮತ್ತೆ ತಲೆ ಎತ್ತಿ, "ಕಿಟಕಿ ಕಡೆಯಿಂದ ಮೂರನೇ ರ್ಯಾಕು, ಸೊಂಟದ ಮಟ್ಟ" ಅಂದರು.

ಅವರು ಪುಸ್ತಕದ ಜಾಗವನ್ನು ಯಾವಾಗಲೂ ಮೈಯ ಅಳತೆಯಲ್ಲೇ ಹೇಳುತ್ತಿದ್ದರು. ಮಂಡಿ ಮಟ್ಟ, ಸೊಂಟದ ಮಟ್ಟ, ತಲೆ ಮಟ್ಟ, ಸ್ಟೂಲ್ ಹಾಕ್ಕೋಬೇಕು. ಅವರು ಹಾಗೆ ಹೇಳಬೇಕಾಗಿದ್ದಕ್ಕೆ ಒಂದು ಕಾರಣ ಇತ್ತು, ಅದು ನನಗೆ ನಿಧಾನಕ್ಕೆ ಅರ್ಥವಾಯಿತು. ನಮ್ಮ ಬಹುಪಾಲು ಕಾಲೇಜು, ಯೂನಿವರ್ಸಿಟಿ ಲೈಬ್ರರಿಗಳಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸುವ ಅಂಕಿ ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ಲೆಕ್ಕದ್ದು. ಎಲ್ಲ ವಿಷಯವನ್ನೂ ಹತ್ತು ಪಾಲು ಮಾಡಿದ್ದಾರೆ. ಸಾಹಿತ್ಯಕ್ಕೆ 800. ಅದರಲ್ಲಿ ಇಂಗ್ಲಿಷಿಗೆ 820 ಪೂರ್ತಿ, ಜರ್ಮನ್‌ಗೆ 830, ಫ್ರೆಂಚಿಗೆ 840, ಹೀಗೇ ಗ್ರೀಕಿಗೆ 880. ಪ್ರಪಂಚದ ಮಿಕ್ಕ ಭಾಷೆಗಳೆಲ್ಲ 890ರ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರಬೇಕು. ತಮಿಳು 894.811, ಮಲಯಾಳಂ 894.812, ಕನ್ನಡ 894.814, ತೆಲುಗು 894.827. ಇದೇ 894ರಲ್ಲಿ ಟರ್ಕಿ, ಹಂಗೇರಿ, ಫಿನ್‌ಲೆಂಡಿನವರ ಸಾಹಿತ್ಯವೂ ಇದೆ. ಪಂಪನ ಕಾಲದಿಂದ ಬಂದ ಅಷ್ಟೂ ಕನ್ನಡಕ್ಕೆ ಚುಕ್ಕಿಯ ಈಚೆ ಒಂದು ಅಂಕಿಯೂ ಸ್ವಂತದ್ದಿಲ್ಲ.

ತುಮಕೂರಿನಂಥ ಊರಿನ ಲೈಬ್ರರಿಯಲ್ಲಿ ಇದರ ಫಲ ಏನು ಗೊತ್ತಾ? ಸಾಲು ಸಾಲು ರ್ಯಾಕುಗಳ ತುಂಬ ಒಂದೇ ಅಂಕಿ. ಕವಿತೆಗೆ ಕೊನೆಗೊಂದು 1, ನಾಟಕಕ್ಕೆ 2, ಕಾದಂಬರಿಗೆ 3. ಆಮೇಲೆ ಬರೆದವರ ಹೆಸರಿನ ಅಕ್ಷರಗಳು. ಸಾವಿರಾರು ಕಾದಂಬರಿ 894.8143ರಲ್ಲೇ. ಯಾರೋ ಒಂದನ್ನು ತೆಗೆದು ಪಕ್ಕದ ಸಾಲಿಗೆ ಇಟ್ಟರೆ ಮುಗಿಯಿತು, ಅಂಕಿ ನೋಡಿ ಹುಡುಕೋಕೆ ಆಗಲ್ಲ. ಹಾಗಾಗಿ ಆ ಅಟೆಂಡರ್ ಅಂಕಿಯನ್ನು ನಂಬದೆ ಸೊಂಟದ ಮಟ್ಟವನ್ನು ನಂಬಿದ್ದರು. ಇಂಥವರ ನೆನಪಿನ ಮೇಲೆ ಎಷ್ಟೋ ಕನ್ನಡ ಲೈಬ್ರರಿಗಳು ನಡೆದಿವೆ ಅಂತ ನನ್ನ ನಂಬಿಕೆ. ಅವರು ರಿಟೈರ್ ಆದಾಗ ಆ ನೆನಪನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಎರಡು ವರ್ಷ ನಾನು ಆ ಸಾಲುಗಳ ನಡುವೆ ಓಡಾಡಿದೆ. ಮೊದಮೊದಲು ಒಂದು ಪುಸ್ತಕ ಎಳೆದು ತಕ್ಷಣ ವಾಪಸ್ ಇಡುತ್ತಿದ್ದೆ, ಯಾರಾದರೂ ನೋಡುತ್ತಿದ್ದಾರಾ ಅಂತ. ಆಮೇಲೆ ನೆಲದ ಮೇಲೇ ಕೂತು ಓದುವಷ್ಟು ಸಲಿಗೆ ಬಂತು. ನಮ್ಮ ಸಿಲೆಬಸ್ಸಿನ ಕಾವ್ಯಮೀಮಾಂಸೆಗೆ ಅಂತ ತೀ.ನಂ. ಶ್ರೀಕಂಠಯ್ಯನವರನ್ನು ಹುಡುಕಿಕೊಂಡು ಹೋದವಳು, ಅವರು ನಮ್ಮ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದವರು ಅಂತ ಪಕ್ಕದಲ್ಲಿದ್ದ ಇನ್ನೊಂದು ಪುಸ್ತಕದಿಂದ ತಿಳಿದುಕೊಂಡೆ. ಹೆಸರಿನ ಮೊದಲ 'ತೀ'ಗೆ ಊರು ಅಂಟಿಕೊಂಡಿದ್ದು ಅವತ್ತೇ.

ಕೆಳ ಅಂತಸ್ತಿನ ಪುಸ್ತಕ

800 ಮುಗಿದರೆ 900. ಅಂದರೆ ಕನ್ನಡ ಸಾಹಿತ್ಯದ ಕೊನೇ ಸಾಲು ದಾಟಿ ತಿರುಗಿದರೆ ಎದುರಿಗೆ ಇತಿಹಾಸ. ಕರ್ನಾಟಕದ ಇತಿಹಾಸಕ್ಕೆ 954.87. ಬೆಂಚಿನ ತುದಿಯಲ್ಲಿ ಕೂತಿದ್ದರಿಂದ ಕನ್ನಡಕ್ಕೆ ಸಿಕ್ಕ ಲಾಭ ಇದೊಂದೇ, ಪಕ್ಕದ ಮನೆ ಊರಿನ ಚರಿತ್ರೆಯದ್ದು. 2009ರಲ್ಲಿ ಒಂದು ಮಧ್ಯಾಹ್ನ ಹೀಗೇ ತಿರುಗಿದಾಗ ಕೆಳ ಅಂತಸ್ತಿನಲ್ಲಿ, ದೊಡ್ಡ ಅಳತೆಯವು ಅಂತ ಅಡ್ಡ ಮಲಗಿಸಿಟ್ಟಿದ್ದ ಪುಸ್ತಕಗಳು ಕಂಡವು. ಬಗ್ಗಿ ಒಂದನ್ನು ಎಳೆದೆ. ಎಪಿಗ್ರಾಫಿಯಾ ಕರ್ನಾಟಿಕಾ, 12ನೇ ಸಂಪುಟ. ತುಮಕೂರು ಜಿಲ್ಲೆಯ ಶಾಸನಗಳು. ಬಿ.ಎಲ್. ರೈಸ್, 1904.

ರೈಸ್ ಹೆಸರು ಪಾಠದಲ್ಲಿ ಕೇಳಿದ್ದೆ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಆಂಗ್ಲರು, ಸುಮಾರು 9 ಸಾವಿರ ಶಾಸನ ಓದಿಸಿ ಅಚ್ಚು ಹಾಕಿಸಿದವರು, ಪರೀಕ್ಷೆಗೆ ಐದು ಮಾರ್ಕಿನ ಟಿಪ್ಪಣಿ. ಅದರಲ್ಲಿ ನಮ್ಮ ಜಿಲ್ಲೆಗೇ ಒಂದು ಸಂಪುಟ ಇದೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾವ ಚೀಟಿಯಲ್ಲಿ ಬರೆಯಲಿ? ಪುಟ ತಿರುಗಿಸಿದೆ. ತಾಲೂಕುವಾರು ಜೋಡಿಸಿದ್ದಾರೆ. ಮಧುಗಿರಿ ಅಂತ ಇರಲಿಲ್ಲ, ಮದ್ದಗಿರಿ ಅಂತ ಇತ್ತು. ನಮ್ಮಜ್ಜಿ ಕೊನೇವರೆಗೂ ಹಾಗೇ ಕರೆಯುತ್ತಿದ್ದಳು. ಅವಳ ಬಾಯಿಂದ ಬಿಟ್ಟು ಬೇರೆಲ್ಲೂ ಕಾಣದಿದ್ದ ಆ ಹೆಸರು ಅಚ್ಚಿನಲ್ಲಿ ಕಂಡು ಮೈ ಜುಮ್ ಅಂದಿತು. ಹಳ್ಳಿಗಳ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ನಮ್ಮ ಪಕ್ಕದೂರು ಸಿಕ್ಕಿತು. ಕೆರೆಯ ತೂಬಿನ ಹತ್ತಿರದ ಕಲ್ಲು ಅಂತ ಗುರುತು.

ಆ ಕಲ್ಲು ನನಗೆ ಗೊತ್ತು. ಶಾಲೆಗೆ ಹೋಗುವ ದಾರಿಯಲ್ಲೇ ಇತ್ತು. ಅದರ ಮೇಲೆ ಬಳಪ ಉಜ್ಜಿ ಚೂಪು ಮಾಡಿಕೊಳ್ಳುತ್ತಿದ್ದೆವು. ಅದರಲ್ಲಿ ನಿಧಿಯ ಜಾಗ ಬರೆದಿದೆ, ಓದಿದವರು ರಕ್ತ ಕಾರಿ ಸಾಯ್ತಾರೆ ಅಂತ ಊರಲ್ಲಿ ಮಾತಿತ್ತು. ಪುಸ್ತಕದಲ್ಲಿ ಅದರ ಅಷ್ಟೂ ಸಾಲು ಕನ್ನಡ ಅಕ್ಷರದಲ್ಲಿತ್ತು. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಅದರ ಅರ್ಥ. ಕೆರೆಯನ್ನು ನೋಡಿಕೊಳ್ಳುವವರಿಗೆ ತೂಬಿನ ಕೆಳಗೆ ಗದ್ದೆ ಬಿಟ್ಟುಕೊಟ್ಟಿದ್ದಾರೆ. ಅದನ್ನು ಕೆಡಿಸಿದವರಿಗೆ ಶಾಪ ಹಾಕಿದ್ದಾರೆ. ಅಷ್ಟೇ.

ಪುಸ್ತಕ ಹೊರಗೆ ಕೊಡುವುದಿಲ್ಲ ಅಂತ ಮುದ್ರೆ ಇತ್ತು. ಕೂತು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆ ಭಾನುವಾರ ಊರಿಗೆ ಹೋದವಳು ಅಪ್ಪನನ್ನು ಕರೆದುಕೊಂಡು ಕಲ್ಲಿನ ಹತ್ತಿರ ಹೋದೆ. ಅಪ್ಪ ಹೆಬ್ಬೆಟ್ಟು ಒತ್ತುವವನು. ನಾನು ಏನು ಮಾಡಲು ಹೊರಟಿದ್ದೇನೆ ಅಂತ ತಿಳಿದ ಮೇಲೆ ಅವನೇ ಕೆರೆಯಿಂದ ಬಿಂದಿಗೆಯಲ್ಲಿ ನೀರು ತಂದು ಸುರಿದು, ತೆಂಗಿನ ನಾರಿನಲ್ಲಿ ಪಾಚಿ ತಿಕ್ಕಿದ. ಹಸಿ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಎದ್ದವು. ಎಲ್ಲ ಓದೋಕೆ ಬರಲಿಲ್ಲ. ನೋಟ್‌ಬುಕ್ ನೋಡಿ, ಕಲ್ಲು ನೋಡಿ, ಒಂದೊಂದೇ ಪದ ಹೇಳಿದೆ. ಅಪ್ಪ ಸುಮ್ನೆ ಕೇಳಿದ. ಮುಗಿದ ಮೇಲೆ, "ನಿಧಿ ಅಲ್ವಾ ಹಂಗಾದ್ರೆ?" ಅಂದ. ಅಲ್ಲ, ಗದ್ದೆ ಅಂದೆ. ಅವನು ತೂಬಿನ ಕೆಳಗಿನ ಬಯಲನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಅದಕ್ಕೇ ಆ ತಾಕಿಗೆ ಕೆರೆಗದ್ದೆ ಅಂತ ಹೆಸರಿರೋದು. ನಾನು ಕೆರೆ ಪಕ್ಕ ಐತೆ ಅಂತ ಹಂಗಂತಾರೆ ಅನ್ಕೊಂಡಿದ್ದೆ" ಅಂದ. ಮುಂದೆ ಆ ಕಲ್ಲಿಗೆ ಯಾರಾದರೂ ಎಮ್ಮೆ ಕಟ್ಟಿದರೆ ಅಪ್ಪ ಬಿಚ್ಚಿಸುತ್ತಿದ್ದ. ಏನು ಬರೆದಿದೆ ಅಂತ ಕೇಳಿದವರಿಗೆಲ್ಲ ಒಂದು ಮಾತೂ ತಪ್ಪದೆ ಹೇಳುತ್ತಿದ್ದ.

ಇದೆಲ್ಲ ಆಗಿದ್ದು ನಾನು ಬೇರೇನೋ ಹುಡುಕುತ್ತ ಒಂದು ರ್ಯಾಕಿನ ತುದಿ ದಾಟಿದ್ದರಿಂದ.

ಗಣಿತದ ಮೇಷ್ಟ್ರು

ಎಸ್.ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ಯೂನಿವರ್ಸಿಟಿಯ ಲೈಬ್ರೇರಿಯನ್ ಆದರು. ಬಂದ ಹೊಸದರಲ್ಲಿ ಅಲ್ಲಿ ಕೂರಲಾಗದೆ, ನನ್ನನ್ನು ವಾಪಸ್ ಪಾಠಕ್ಕೆ ಕಳಿಸಿ ಅಂತ ಕೇಳಿಕೊಂಡಿದ್ದರಂತೆ. ಆಮೇಲೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಲೈಬ್ರರಿಗಳನ್ನು ನೋಡಿ ಬಂದ ಮೇಲೆ ಈ ಕೆಲಸ ಬಿಡಲೇ ಇಲ್ಲ. 1931ರಲ್ಲಿ ಅವರು ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನೋದು ಮೊದಲನೆಯದು. ಇಷ್ಟು ಸರಳ ಮಾತನ್ನು ಸೂತ್ರ ಮಾಡಬೇಕಾಗಿತ್ತಾ ಅನಿಸಬಹುದು. ಆದರೆ ಒಂದು ಕಾಲಕ್ಕೆ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಅಂಥ ಲೈಬ್ರರಿ ಈಗಲೂ ಇದೆ.

ನನಗೆ ಬೇಕಾದದ್ದು ಮೂರನೆಯ ಸೂತ್ರ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಇಲ್ಲಿ ಹುಡುಕುವುದು ಪುಸ್ತಕ, ಸಿಗಬೇಕಾದವರು ನಾವು. ಅದಕ್ಕೆ ಅವರು ಹೇಳಿದ ಮುಖ್ಯ ಉಪಾಯ ಕಪಾಟುಗಳನ್ನು ತೆರೆದಿಡುವುದು, ಓದುಗರನ್ನು ಒಳಗೆ ಬಿಡುವುದು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲೇ ಲೈಬ್ರರಿ ವಿಜ್ಞಾನದ ತರಬೇತಿ ಕೇಂದ್ರ ಶುರುಮಾಡಿದರು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರು. ಅವರ ಹುಟ್ಟುಹಬ್ಬ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಆಚರಿಸುತ್ತೇವೆ. ಅವತ್ತು ಭಾಷಣದ ಬದಲು ಹೊಸ ಮಕ್ಕಳನ್ನು ರ್ಯಾಕುಗಳ ನಡುವೆ ಒಂದು ಗಂಟೆ ಕರೆದುಕೊಂಡು ಹೋದರೆ ಎಷ್ಟು ಚೆನ್ನಾಗಿರುತ್ತೆ. 000ದಿಂದ 999ರವರೆಗೆ ಕಾಲ್ನಡಿಗೆಯಲ್ಲಿ.

ಆ ಶನಿವಾರ ತಂಗಿಯ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅವಳ ಅಕೌಂಟೆನ್ಸಿ 657ರಲ್ಲಿತ್ತು. ಅದನ್ನು ದಾಟಿ ನಮ್ಮ 894.814, ಅದನ್ನೂ ದಾಟಿ ಇತಿಹಾಸ. ಅಜ್ಜನ ಕಲ್ಲಿನ ಕತೆ ಹೇಳಿದೆ. ಅವಳಿಗೆ ಅದು ಗೊತ್ತಿತ್ತು, ಅಜ್ಜನ ಬಾಯಲ್ಲೇ ಕೇಳಿದ್ದಳು. ಅದು ಪುಸ್ತಕದಿಂದ ಬಂದಿದ್ದು ಅಂತ ಮಾತ್ರ ಗೊತ್ತಿರಲಿಲ್ಲ. ಫೋನ್ ತೆಗೆದು ಎರಡು ನಿಮಿಷದಲ್ಲಿ, "ನೋಡು ದೊಡ್ಡಮ್ಮ, ಇದು ಮೊಬೈಲಲ್ಲೇ ಇದೆ" ಅಂತ ತೋರಿಸಿದಳು. ನಿಜ, ಹಳೇ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಬಹಳ ಒಳ್ಳೇ ಕೆಲಸ. ನಾನು ನೋಟ್‌ಬುಕ್ಕಿಗೆ ಬರೆದುಕೊಂಡ ಕಷ್ಟ ಅವಳಿಗಿಲ್ಲ. ಆದರೆ ಅವಳು ಅದರ ಹೆಸರು ಟೈಪ್ ಮಾಡಿದ್ದು ನಾನು ಹೇಳಿದ ಮೇಲೆ ಅಲ್ವಾ? ಇದನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೂಂ, ಇದೂ ಚೀಟಿ ಥರಾನೇ" ಅಂದಳು.

ಬೀರುವಿನ ಬೀಗದ ಕೈ

ವಾಪಸ್ ಬರುವ ಬಸ್ಸಿನಲ್ಲಿ, ಕೊರಟಗೆರೆ ದಾಟಿದ ಮೇಲೆ, ನನಗೆ ನಮ್ಮ ಶಾಲೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಲೈಬ್ರರಿ ಚಾರ್ಜು ನನ್ನದೇ. ಸ್ಟಾಫ್ ರೂಮಿನಲ್ಲಿ ಎರಡು ಕಬ್ಬಿಣದ ಬೀರು, 412 ಪುಸ್ತಕ. ಬೀಗದ ಕೈ ಆರು ವರ್ಷದಿಂದ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಮಕ್ಕಳು ಬಂದು ಹೆಸರು ಹೇಳಿದರೆ ಕೊಡುತ್ತಿದ್ದೆ. ಯಾರೂ ಜಾಸ್ತಿ ಬರುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಓದುವ ಆಸಕ್ತಿ ಇಲ್ಲ ಅಂತ ನಾನೂ ಬೇರೆಯವರ ಜೊತೆ ಸೇರಿ ಹೇಳಿದ್ದೆ. ಬ್ಯಾಗು ತೊಡೆಯ ಮೇಲೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಜೂನ್‌ನಲ್ಲಿ ಹೆಡ್ ಮೇಷ್ಟ್ರನ್ನು ಒಪ್ಪಿಸಿ, ಶನಿವಾರ ಶನಿವಾರ ಅಷ್ಟೂ ಪುಸ್ತಕವನ್ನು ವರಾಂಡದ ಬೆಂಚುಗಳ ಮೇಲೆ ಹರಡಲು ಶುರುಮಾಡಿದೆ. ಮೊದಲ ಶನಿವಾರ ಮಕ್ಕಳು ಸುತ್ತ ನಿಂತು ನೋಡಿದರು, ಅಷ್ಟೇ. ಎಂಟನೇ ಕ್ಲಾಸಿನ ಒಬ್ಬ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ರಕ್ಷಾಪುಟ ಓದುತ್ತಿದ್ದ. "ಮುಟ್ಟಬಹುದಾ ಮಿಸ್?" ಅಂತ ಕೇಳಿದ. ನನ್ನ ಗಂಟಲು ಕಟ್ಟಿತು. ಮುಟ್ಟಪ್ಪ ಅಂದೆ.

ವರ್ಷದ ಕೊನೆಗೆ, ಏಪ್ರಿಲ್‌ನಲ್ಲಿ, ದಾಸ್ತಾನು ವಹಿ ಹಿಡಿದುಕೊಂಡು ಎಣಿಸಿದೆ. 409 ಇದ್ದವು. ಇಬ್ಬರು ಮಕ್ಕಳು ಶಾಲೆ ಬಿಟ್ಟು ಬೇರೆ ಊರಿಗೆ ಹೋದರು, ಅವರ ಜೊತೆ ಒಂದೊಂದು ಹೋಯಿತು. ಅದನ್ನು ಹಾಗೇ ಬರೆದು ಹೆಡ್ ಮೇಷ್ಟ್ರ ಸಹಿ ಹಾಕಿಸಿದ್ದೇನೆ. ಮೂರನೆಯದು ಎಲ್ಲಿದೆ ಅಂತ ಗೊತ್ತು. ಒಂಬತ್ತನೇ ಕ್ಲಾಸಿನ ಹುಡುಗಿ ತಗೊಂಡು ಹೋದ ಜನಪದ ಕತೆಗಳ ಪುಸ್ತಕ. ಅವಳ ಅಜ್ಜಿ ದಿನಾ ರಾತ್ರಿ ಒಂದು ಕತೆ ಓದಿಸಿಕೊಂಡು, ಇದು ಹಿಂಗಲ್ಲ ಕಣೇ, ನಮ್ಮ ಕಡೆ ಬೇರೆ ಥರ ಅಂತ ತಾನು ಕೇಳಿದ ಹಾಗೆ ಹೇಳುತ್ತಾಳಂತೆ. ಅಜ್ಜಿ ಹೇಳಿದ್ದನ್ನು ಹುಡುಗಿ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದಾಳೆ. ಇನ್ನೂ ಅರ್ಧ ಪುಸ್ತಕ ಬಾಕಿ ಇದೆಯಂತೆ. ನಾನು ವಾಪಸ್ ಕೇಳಿಲ್ಲ.